ಇಡೀ ಪುಸ್ತಕಕ್ಕೆ ಬೀಗ ಬೇಡ, ಅರ್ಜಿ ಪುಟ ಬಿಡಿ

ಮಾನ್ಯ ಸಂಪಾದಕರೇ,

ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. 21 ವರ್ಷದಿಂದ ನಡೆಸುತ್ತಿದ್ದೇನೆ. ಮದುವೆ ಕಾಗದ, ಗೃಹಪ್ರವೇಶದ ಕರೆಯೋಲೆ, ಸಂಘಗಳ ವಾರ್ಷಿಕ ವರದಿ, ಮಕ್ಕಳ ಪ್ರಾಜೆಕ್ಟು, ಎಲ್ಲವೂ ಈ ಟೇಬಲ್ ಮೇಲೆ ಹಾದು ಹೋಗಿವೆ. ಮೊದಲು ಜನ ಕಾಗದ ತಂದು ಕಾಗದ ಒಯ್ಯುತ್ತಿದ್ದರು. ಈಗ ಫೋನ್ ತರುತ್ತಾರೆ. 'ವಾಟ್ಸ್ಆ್ಯಪ್‌ಗೆ ಕಳ್ಸಿದ್ದೀನಿ ಅಕ್ಕಾ, ಪ್ರಿಂಟ್ ಕೊಡಿ' ಅನ್ನುತ್ತಾರೆ. ಬರುವುದರಲ್ಲಿ ಹತ್ತಕ್ಕೆ ಒಂಬತ್ತು ಪಿಡಿಎಫ್. ಆ ಪಿಡಿಎಫ್ ಮಾಡಿದವರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಿಮ್ಮ ಪತ್ರಿಕೆಯ ಮೂಲಕ ಹೇಳುತ್ತಿದ್ದೇನೆ.

ಮಳೆ ಜೋರಾಗಿದ್ದ ಒಂದು ದಿನ ಒಬ್ಬ ತಾಯಿ ಬಂದರು. ಶರಾವತಿ ಹಿನ್ನೀರಿನ ಆಚೆ ದಡದ ಹಳ್ಳಿಯವರು. ಈಗ ಅಂಬಾರಗೋಡ್ಲು ಸೇತುವೆ ಆಗಿದೆ, ಮೊದಲಿನ ಹಾಗೆ ಲಾಂಚ್ ಕಾಯುತ್ತಾ ನಿಲ್ಲಬೇಕಿಲ್ಲ. ಆದರೂ ಅವರು ಸಾಗರಕ್ಕೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಮಗಳು ಪಿಯುಸಿ ಮುಗಿಸಿದ್ದಾಳೆ. ಒಂದು ಸಂಸ್ಥೆ ವಿದ್ಯಾರ್ಥಿವೇತನ ಕೊಡುತ್ತದಂತೆ. ಅದರ ಅರ್ಜಿ ಬೇಕು.

ಫೈಲ್ ತೆಗೆದು ನೋಡಿದೆ. 64 ಪುಟ. ಸಂಸ್ಥೆ ನಡೆದು ಬಂದ ದಾರಿ, ಕಾರ್ಯಕ್ರಮಗಳ ಫೋಟೋ, ಕಾಲೇಜುಗಳ ಪಟ್ಟಿ, ನಿಯಮಗಳು. ಅರ್ಜಿ ಇದ್ದದ್ದು 58 ಮತ್ತು 59ನೇ ಪುಟದಲ್ಲಿ. ಆ ತಾಯಿಗೆ ಬೇಕಾಗಿದ್ದದ್ದು ಎರಡೇ ಹಾಳೆ. ಪ್ರಿಂಟ್ ಒತ್ತಲು ಹೋದರೆ ಗುಂಡಿ ಬೂದಿ ಬಣ್ಣಕ್ಕೆ ತಿರುಗಿ ಕೂತಿದೆ. ಕಂಟ್ರೋಲ್ ಜೊತೆ ಡಿ ಒತ್ತಿ ಫೈಲ್‌ನ ವಿವರ ತೆಗೆದೆ. ಭದ್ರತೆಯ ಭಾಗದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಮುದ್ರಣಕ್ಕೆ ಅನುಮತಿ ಇಲ್ಲ.

'ಅರ್ಜಿ ಅಂತ ಕೊಟ್ಟು ಪ್ರಿಂಟ್ ಮಾಡಬಾರದು ಅಂದ್ರೆ ಹೆಂಗಕ್ಕಾ?' ಅಂತ ಅವರು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಕೊನೆಗೆ ಅವರ ಫೋನ್‌ನಲ್ಲೇ ಎರಡೂ ಪುಟದ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಕೊಟ್ಟೆ. ಅದು ಸರಿ ಬರಲಿಲ್ಲ. ಬರುವುದೂ ಇಲ್ಲ. ಎ4 ಹಾಳೆಯ ಮೇಲೆ ಅಕ್ಷರ ನೀಟಾಗಿ ಬೀಳಬೇಕಾದರೆ ಅಡ್ಡಕ್ಕೆ ಸುಮಾರು 2480 ಚುಕ್ಕಿ ಬೇಕು. ಅವರ ಫೋನ್ ಪರದೆಯ ಅಗಲ 1080 ಚುಕ್ಕಿ. ಅರ್ಧಕ್ಕೂ ಕಡಿಮೆ. ಒತ್ತಕ್ಷರಗಳೆಲ್ಲ ಮಸಿ ಮೆತ್ತಿದಂತೆ ಬಂದವು. ಜೊತೆಗೆ 59ನೇ ಪುಟದ ಕೆಳಗಡೆ ಪ್ರಾಂಶುಪಾಲರ ಮೊಹರು ಹಾಕುವ ಚೌಕ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು. ನಾನು ಗಮನಿಸಲಿಲ್ಲ. ನಾಲ್ಕು ದಿನ ಬಿಟ್ಟು ಅವರು ವಾಪಸ್ ಬಂದರು. ಅರ್ಜಿ ತಿರಸ್ಕಾರ ಆಗಿತ್ತು. ಇನ್ನೊಂದು ದಿನದ ಕೂಲಿ ಹೋಯಿತು.

ಅವತ್ತು ನಾನೇ ಆ ಸಂಸ್ಥೆಗೆ ಫೋನ್ ಮಾಡಿದೆ. ಮಾತಾಡಿದ ಹೆಣ್ಣುಮಗಳು ಒಳ್ಳೆಯವಳೇ. ಕೇಳಿ ಗಾಬರಿಯಾದಳು. 'ಮೇಡಂ, ನಮ್ಮ ಕಾರ್ಯಕ್ರಮದ ಫೋಟೋಗಳನ್ನ ಯಾರೋ ಪ್ರಿಂಟ್ ಮಾಡಿ ಬೇರೆ ಕಡೆ ಹಾಕಿಕೊಂಡಿದ್ರು. ಅದಕ್ಕೇ ಫೋಟೋ ಇರೋ ಭಾಗಕ್ಕೆ ಮಾತ್ರ ಲಾಕ್ ಹಾಕಿ ಅಂತ ಹೇಳಿದ್ವಿ. ಅರ್ಜಿಗೂ ಬಿದ್ದಿದೆ ಅಂತ ಗೊತ್ತೇ ಇರಲಿಲ್ಲ' ಅಂದಳು. ಮೂರನೇ ದಿನ ಅರ್ಜಿಯನ್ನು ಮಾತ್ರ ಬೇರೆ ಫೈಲ್ ಮಾಡಿ ಕಳಿಸಿದಳು. ಆ ತಾಯಿಗೆ ಕೆಲಸ ಆಯಿತು. ಆ ಮಳೆಯಲ್ಲಿ ಬಂದು ಬರಿಗೈಲಿ ಹೋದ ಬೇರೆಯವರು ಎಷ್ಟು ಮಂದಿಯೋ!

ಆ ಹುಡುಗಿಯ ಮಾತೇ ನನಗೆ ಈ ಪತ್ರ ಬರೆಯಲು ಕಾರಣ. ಯಾಕೆಂದರೆ ಅವಳು ಅಂದುಕೊಂಡ ಹಾಗೆಯೇ ತುಂಬಾ ಜನ ಅಂದುಕೊಂಡಿದ್ದಾರೆ. ಪಿಡಿಎಫ್‌ನಲ್ಲಿ ಬೇಕಾದ ಪುಟಕ್ಕೆ ಬೀಗ ಹಾಕಿ ಬೇಡದ ಪುಟ ಬಿಡಬಹುದು ಅಂತ. ಆಗುವುದಿಲ್ಲ. ಪಿಡಿಎಫ್‌ನ ಮುದ್ರಣದ ಅನುಮತಿ ಇಡೀ ಫೈಲ್‌ಗೆ ಒಂದೇ. ಅಲ್ಲಿ ಇರುವುದು ಮೂರೇ ಆಯ್ಕೆ. ಮುದ್ರಣ ಬೇಡ, 150 ಡಿಪಿಐನ (ಇಂಚಿಗೆ 150 ಚುಕ್ಕಿಯ) ಮಂದ ಮುದ್ರಣ ಸಾಕು, ಪೂರ್ತಿ ಗುಣಮಟ್ಟದ ಮುದ್ರಣ ಇರಲಿ. ಯಾವುದನ್ನು ಆರಿಸಿದರೂ ಮುಖಪುಟದಿಂದ ಕೊನೆ ಪುಟದವರೆಗೆ ಅದೇ. ಮನೆಯ ಒಂದು ಕೋಣೆಗೆ ಬೀಗ ಹಾಕಲು ಹೋಗಿ ಹೆಬ್ಬಾಗಿಲಿಗೇ ಹಾಕಿದಂತೆ.

ನಾನು ಪಿಡಿಎಫ್ ಬೇಡ ಅನ್ನುವವಳಲ್ಲ. ಅದರಿಂದ ನಮ್ಮಂಥ ಕನ್ನಡದ ಡಿಟಿಪಿಯವರಿಗೆ ಆದ ಉಪಕಾರ ದೊಡ್ಡದು. ಅಡೋಬಿ ಕಂಪನಿ ಅದನ್ನು ತಂದದ್ದು 1993ರಲ್ಲಿ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ನಾನು ಕೆಲಸ ಕಲಿಯುವಾಗ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಶಿವಮೊಗ್ಗದ ಪ್ರೆಸ್ಸಿಗೆ ಹೋಗುತ್ತಿದ್ದೆವು. ಅಲ್ಲಿನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಮದುಮಗಳ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫಾಂಟನ್ನೂ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು ಹೋಗುವ ಪಿಡಿಎಫ್ ಬಂದ ಮೇಲೆ ಆ ಭಯ ಹೋಯಿತು. ಸಾಗರದಲ್ಲಿ ಕಂಡದ್ದೇ ಶಿವಮೊಗ್ಗದಲ್ಲೂ ಕಂಡಿತು. ಅದಕ್ಕೇ ಅದನ್ನು ಸರಿಯಾಗಿ ಬಳಸಲಿ ಅಂತ ನನಗೆ ಆಸೆ.

ಬೀಗದ ವಿಷಯದಲ್ಲಿ ಇನ್ನೂ ಒಂದು ತಿಳಿದಿರಬೇಕು. ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಇದೆ. ಒಂದು ಫೈಲ್ ತೆರೆಯಲಿಕ್ಕೇ ಬೇಕಾದದ್ದು. ಇ-ಆಧಾರ್‌ಗೆ ಇರುವುದು ಇದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ಇಸವಿ. ದಿನಕ್ಕೆ ಹತ್ತು ಸಲ ಟೈಪ್ ಮಾಡಿ ನನ್ನ ಬೆರಳಿಗೇ ಅದು ಅಭ್ಯಾಸ ಆಗಿದೆ. ಇದು ಗಟ್ಟಿ ಬೀಗ. ಪಾಸ್‌ವರ್ಡ್ ಇಲ್ಲದೆ ಒಳಗಿನದು ಕಾಣುವುದೇ ಇಲ್ಲ. ಇನ್ನೊಂದು ಅನುಮತಿಯ ಪಾಸ್‌ವರ್ಡ್. ಫೈಲ್ ತೆರೆಯುತ್ತದೆ, ಓದಬಹುದು, ಪ್ರಿಂಟ್ ಮಾತ್ರ ಇಲ್ಲ. ಇದು ಬೀಗ ಅನ್ನುವುದಕ್ಕಿಂತ ಒಂದು ಬೋರ್ಡು. 'ಇಲ್ಲಿಂದ ಮುಂದೆ ಬರಬೇಡಿ' ಅಂತ ಬರೆದು ನಿಲ್ಲಿಸಿದ ಬೋರ್ಡು. ಓದುವ ಸಾಫ್ಟ್‌ವೇರ್ ಮರ್ಯಾದೆಯಿಂದ ಅದನ್ನು ಪಾಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಇದರಿಂದ ಯಾರಿಗೆ ತಡೆ ಆಗುತ್ತದೆ ನೋಡಿ. ಫೋಟೋ ಕದಿಯಬೇಕು ಅಂತ ಬಂದವನಿಗೆ ದಾರಿ ಗೊತ್ತಿರುತ್ತದೆ. ಅರ್ಜಿ ತುಂಬಬೇಕು ಅಂತ ಬಂದ ತಾಯಿಗೆ ಗೊತ್ತಿರುವುದಿಲ್ಲ. ತಡೆ ಆಗುವುದು ಅವರಿಗೇ ಅಲ್ವಾ?

'ಲಾಕ್ ತೆಗೆದುಕೊಡಿ, ಅದಕ್ಕೆ ವೆಬ್‌ಸೈಟ್ ಇದೆಯಂತಲ್ಲ' ಅಂತ ಹುಡುಗರು ಬಂದು ಕೇಳುತ್ತಾರೆ. ನಾನು ತೆಗೆಯುವುದಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿ 65ಎ ಅಂತ ಒಂದು ಸೆಕ್ಷನ್ ಸೇರಿದೆ. ಬೇರೆಯವರ ಹಕ್ಕು ಮುರಿಯುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಅದೇ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ, ಓದಿಗೆ, ಸಂಶೋಧನೆಗೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ. ಅರ್ಜಿ ಪುಟ ಮುದ್ರಿಸುವುದು ತಪ್ಪಲ್ಲ ಅಂತ ನನ್ನ ಮನಸ್ಸಿಗೂ ಗೊತ್ತು. ಆದರೆ ಯಾವ ಫೈಲ್‌ಗೆ ಯಾವ ಉದ್ದೇಶ ಅಂತ ಅಂಗಡಿಯ ಗಲಾಟೆಯಲ್ಲಿ ನಿಂತು ನಾನು ತೀರ್ಮಾನ ಮಾಡಲಾರೆ. ಇನ್ನೊಂದು ಭಯವೂ ಇದೆ. ಆ ವೆಬ್‌ಸೈಟ್‌ಗಳಿಗೆ ಫೈಲನ್ನು ಅಪ್‌ಲೋಡ್ ಮಾಡಬೇಕು. ಜನರ ಜಾತಿ ಪತ್ರ, ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್‌ಗಳನ್ನು ಯಾವುದೋ ಗೊತ್ತಿಲ್ಲದ ಜಾಗಕ್ಕೆ ಏರಿಸುವುದಕ್ಕೆ ನನಗೆ ಕೈ ಬರುವುದಿಲ್ಲ.

ಹಾಗಂತ ಎಲ್ಲವನ್ನೂ ಬಿಚ್ಚಿಡಿ ಅಂತಲೂ ನಾನು ಹೇಳುತ್ತಿಲ್ಲ. ಅದರ ಕಷ್ಟವನ್ನೂ ಕಂಡಿದ್ದೇನೆ.

ಒಂದು ಸಹಕಾರ ಸಂಘದವರು ಮಹಾಸಭೆಯ ವರದಿಯನ್ನು ಪಿಡಿಎಫ್ ಮಾಡಿ ಸದಸ್ಯರ ಗುಂಪಿಗೆ ಹಾಕಿದರು. ಜಮಾ ಖರ್ಚು, ಆಡಿಟ್ ಟಿಪ್ಪಣಿ ಎಲ್ಲ ಸರಿ. ಆದರೆ ಕೊನೆಯಲ್ಲಿ ಸಾಲ ಬಾಕಿ ಇರುವವರ ಪಟ್ಟಿ. ಹೆಸರು, ಊರು, ಮೊಬೈಲ್ ನಂಬರ್, ಬಾಕಿ ಮೊತ್ತ. ಎರಡೇ ದಿನದಲ್ಲಿ ಒಬ್ಬರು ನನ್ನ ಅಂಗಡಿಗೆ ಬಂದು, 'ಈ ಒಂದು ಪುಟ ಮಾತ್ರ 30 ಕಾಪಿ ಕೊಡಿ' ಅಂದರು. ಪಟ್ಟಿಯಲ್ಲಿ ನನ್ನ ಪಕ್ಕದ ಹಣ್ಣಿನ ಅಂಗಡಿಯವರ ಹೆಸರೂ ಇತ್ತು. ನಾನು ಕೊಡಲಿಲ್ಲ. ಬೇರೆ ಕಡೆ ತೆಗೆಸಿದರು ಅಂತ ಕಾಣುತ್ತದೆ. ಮರುದಿನ ಒಂದು ಹಾಲಿನ ಡೇರಿಯ ಗೋಡೆ ಮೇಲೆ ಅದು ಅಂಟಿತ್ತು. ಅಡಿಕೆಗೆ ಕೊಳೆರೋಗ ಬಂದು ಬೆಳೆ ಉದುರಿದ ವರ್ಷ ಅದು. ಬಾಕಿ ಉಳಿಯುವುದು ಯಾರಿಗೆ ಬೇಕಾಗಿತ್ತು? ಹಣ್ಣಿನ ಅಂಗಡಿಯವರು ಒಂದು ವಾರ ಅಂಗಡಿ ಬಾಗಿಲು ತೆಗೆಯಲಿಲ್ಲ.

ಸಂಘದ ಕಾರ್ಯದರ್ಶಿ ಆಮೇಲೆ ನನ್ನ ಬಳಿ ಬಂದು, 'ಆ ಪುಟಕ್ಕೆ ಮಾತ್ರ ಪ್ರಿಂಟ್ ಬರದ ಹಾಗೆ ಮಾಡಿಕೊಡಿ ತಂಗಿ' ಅಂತ ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ಪ್ರಿಂಟ್ ಆಗಬಾರದ್ದು ಆ ಫೈಲ್ ಒಳಗೆ ಇರಲೇಬಾರದು. ಪಟ್ಟಿ ಕಚೇರಿಯ ಕಡತದಲ್ಲಿರಲಿ. ನೋಡುವ ಹಕ್ಕು ಇರುವವರು ಅಲ್ಲಿ ಬಂದು ನೋಡಲಿ. ವರದಿಯಲ್ಲಿ ಒಟ್ಟು ಮೊತ್ತ ಒಂದು ಸಾಲು ಸಾಕು. ಅವರು ಮೊದಲು ಆ ಹೆಸರುಗಳ ಮೇಲೆ ಕಪ್ಪು ಪಟ್ಟಿ ಎಳೆದು ಕಳಿಸೋಣ ಅಂದಿದ್ದರು. ಅದೂ ಬೇಡ ಅಂದೆ. ಕಪ್ಪು ಚೌಕ ಎಳೆದರೆ ಅಕ್ಷರ ಅಳಿಯುವುದಿಲ್ಲ, ಅದರ ಕೆಳಗೇ ಇರುತ್ತದೆ. ಆ ಜಾಗವನ್ನು ಎಳೆದು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಹೆಸರು ಎದ್ದು ಬರುತ್ತದೆ. ಅವರ ಎದುರಿಗೇ ಮಾಡಿ ತೋರಿಸಿದೆ. ಕುರ್ಚಿಯಿಂದ ಎದ್ದು ಪರದೆ ಹತ್ತಿರ ಬಂದು ನೋಡಿದರು.

ಸರಿಯಾಗಿ ಮಾಡಿದ್ದೂ ನಮ್ಮಲ್ಲಿ ಇದೆ. ಆಧಾರ್‌ನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಉಳಿದ ಎಂಟು ಅಂಕಿ ಆ ಪ್ರತಿಯಲ್ಲಿ ಕಾಣುವುದೇ ಇಲ್ಲ. ಲಾಡ್ಜ್‌ಗೆ, ಬಾಡಿಗೆ ಮನೆಗೆ ಅಂತ ಆಧಾರ್ ಪ್ರಿಂಟ್ ಕೇಳುವವರಿಗೆ ನಾನು ಅದನ್ನೇ ತೆಗೆದುಕೊಡುತ್ತೇನೆ. ಇನ್ನೊಂದು ನಮ್ಮ ಭೂಮಿ ಯೋಜನೆಯ ಪಹಣಿ. ಆನ್‌ಲೈನ್‌ನಲ್ಲಿ ಪಹಣಿಯನ್ನು ಸುಮ್ನೆ ನೋಡುವುದಕ್ಕೆ ದುಡ್ಡಿಲ್ಲ. ಕಚೇರಿಗೆ ಕೊಡುವ ಅಧಿಕೃತ ಪ್ರತಿ ಬೇಕಾದರೆ ಶುಲ್ಕ ಕಟ್ಟಿ ತೆಗೆದುಕೊಳ್ಳಬೇಕು. ನೋಡುವುದು ಬೇರೆ, ಕಾಗದಕ್ಕೆ ಇಳಿಸಿಕೊಳ್ಳುವುದು ಬೇರೆ ಅಂತ ಮೊದಲೇ ಯೋಚಿಸಿದ್ದಾರೆ. ಈ ಯೋಚನೆಯನ್ನು ಫೈಲ್ ಮಾಡುವ ದಿನವೇ ಮಾಡಬೇಕು ಅನ್ನುವುದು ನನ್ನ ಮಾತು.

ಇದು ಆಗದ ಕೆಲಸ ಏನಲ್ಲ. ನನ್ನ ಅಂಗಡಿಯಲ್ಲೇ ಮಾಡಿದ್ದೇವೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ದೀವರ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು. ಕುಂಚ ಅಂದರೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೂ ಬರೆಯುತ್ತಾರೆ, ಭೂಮಣ್ಣಿ ಬುಟ್ಟಿ ಅಂತ. ನನಗೆ ಪರಿಚಯದ ಒಬ್ಬ ಹಿರಿಯ ಹೆಂಗಸು ಇದರಲ್ಲಿ ಎತ್ತಿದ ಕೈ. ಅವರು ಎಳೆದ ಒಂದು ಎಳೆ ನೋಡಬೇಕು. ನೂಲು ಹಿಡಿದು ಎಳೆದಂತೆ ನೇರ. ಸ್ಕೇಲ್ ಮುಟ್ಟುವುದಿಲ್ಲ. ಉಸಿರು ಬಿಗಿಹಿಡಿದು ಮೇಲಿನಿಂದ ಕೆಳಕ್ಕೆ ಒಂದೇ ಸಲ.

ಅವರ ಮೊಮ್ಮಗಳು ಅಜ್ಜಿಯ ಚಿತ್ತಾರಗಳನ್ನೆಲ್ಲ ಸೇರಿಸಿ 36 ಪುಟದ ಪುಸ್ತಿಕೆ ಮಾಡಬೇಕು ಅಂತ ಬಂದಳು. ದುಡ್ಡಿಗಲ್ಲ, ಪಿಡಿಎಫ್ ಮಾಡಿ ಎಲ್ಲರಿಗೂ ಹಂಚಬೇಕು. ಎಲ್ಲರೂ ಓದಲಿ. ಶಾಲೆ ಮಕ್ಕಳು ಅಭ್ಯಾಸದ ಹಾಳೆಗಳನ್ನು ಪ್ರಿಂಟ್ ತೆಗೆದು ಕೈ ತಿದ್ದಲಿ. ಆದರೆ ಅಜ್ಜಿ ಪೂರ್ತಿ ಬರೆದ ಚಿತ್ತಾರಗಳು ಪ್ರಿಂಟ್ ಆಗಬಾರದು. ಹಿಂದೆ ಒಂದು ಸಲ ಯಾರೋ ಫೋಟೋ ತೆಗೆದುಕೊಂಡು ಹೋಗಿ ಅದನ್ನು ಹಾಗೇ ಬಟ್ಟೆ ಮೇಲೆ ಅಚ್ಚು ಹಾಕಿಸಿದ್ದರು. ಅಜ್ಜಿಯ ಹೆಸರೂ ಇಲ್ಲ, ಒಂದು ಮಾತೂ ಕೇಳಿಲ್ಲ. ಅಜ್ಜಿ ಜಗಳ ಆಡುವವರಲ್ಲ. 'ಕಲೀಲಿ, ಕಲ್ತು ಬರೀಲಿ. ಕದ್ದು ಬರೀಬಾರ್ದು' ಅಂದರು ಅಷ್ಟೇ.

ಮೊದಲು ನಾವು ಲೇಯರ್ ದಾರಿ ಹಿಡಿದೆವು. ಪಿಡಿಎಫ್‌ನಲ್ಲಿ ಚಿತ್ರವನ್ನು ಒಂದು ಪದರದಲ್ಲಿಟ್ಟು, ಆ ಪದರ ಪರದೆ ಮೇಲೆ ಕಾಣಲಿ, ಯಾವತ್ತೂ ಪ್ರಿಂಟ್ ಆಗದಿರಲಿ ಅಂತ ಹೇಳಬಹುದು. ದುಡ್ಡು ಕೊಟ್ಟು ಕೊಳ್ಳುವ ಅಕ್ರೋಬ್ಯಾಟ್‌ನಲ್ಲಿ ಈ ಸೌಲಭ್ಯ ಇದೆ. ಪರಿಚಯದವರೊಬ್ಬರ ಕಂಪ್ಯೂಟರ್‌ನಲ್ಲಿ ಕೂತು ಮಾಡಿದೆವು. ನನ್ನ ಅಂಗಡಿಯ ಕಂಪ್ಯೂಟರ್‌ನಲ್ಲಿ ಪ್ರಿಂಟ್ ಕೊಟ್ಟರೆ ಬರಹ ಬಂತು, ಚಿತ್ತಾರದ ಜಾಗ ಖಾಲಿ. ಖುಷಿಯಾಯಿತು. ಆಮೇಲೆ ಮೊಮ್ಮಗಳು ತನ್ನ ಫೋನ್‌ನ ಯಾವುದೋ ಆ್ಯಪ್‌ನಿಂದ ಪ್ರಿಂಟ್ ಕೊಟ್ಟಳು. ಚಿತ್ತಾರ ಸಮೇತ ಬಂದುಬಿಟ್ಟಿತು. ಪದರದ ಮಾತನ್ನು ಕೆಲವು ಸಾಫ್ಟ್‌ವೇರ್ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಕಚೇರಿಯೊಳಗೆ ಎಲ್ಲರೂ ಒಂದೇ ಸಾಫ್ಟ್‌ವೇರ್ ಬಳಸುವ ಕಡೆ ಇದು ಸಾಕು. ಊರಿಗೆಲ್ಲ ಹಂಚುವ ಪುಸ್ತಿಕೆಗೆ ಸಾಲದು.

ಕೊನೆಗೆ ಎರಡು ಫೈಲ್ ಮಾಡಿದೆವು. ಒಂದು ಓದುವ ಪುಸ್ತಿಕೆ. ಅದರಲ್ಲಿ ಚಿತ್ತಾರಗಳನ್ನು 800 ಚುಕ್ಕಿ ಅಗಲಕ್ಕೆ ಇಳಿಸಿದೆವು. ಫೋನ್‌ನಲ್ಲಿ ನೋಡಲು ಚೆನ್ನಾಗಿಯೇ ಇದೆ. ಎ4 ಹಾಳೆಯ ಅಗಲಕ್ಕೆ ಎಳೆದು ಪ್ರಿಂಟ್ ಮಾಡಿದರೆ ಇಂಚಿಗೆ ನೂರು ಚುಕ್ಕಿಯೂ ಸಿಗುವುದಿಲ್ಲ. ಅಜ್ಜಿಯ ಆ ಕೂದಲೆಳೆಯಂಥ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಬಟ್ಟೆಗೆ ಅಚ್ಚು ಹಾಕಲು ಬರುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದರೂ ಅಷ್ಟೇ. ಬೀಗ ಹಾಕಲಿಲ್ಲ, ಬೇಕಾಗಲೂ ಇಲ್ಲ.

ಇನ್ನೊಂದು ಆರು ಪುಟದ ಅಭ್ಯಾಸದ ಫೈಲ್. ಇದರಲ್ಲಿ ಚುಕ್ಕಿ ಚಿತ್ರ ಇಲ್ಲ, ಗೆರೆಗಳನ್ನೇ ಕಂಪ್ಯೂಟರ್‌ನಲ್ಲಿ ಬಿಡಿಸಿದೆವು. ಎ4ಗೆ ಹಾಕಿ, ಎ3ಗೆ ಹಾಕಿ, ಗೆರೆ ಒಡೆಯುವುದಿಲ್ಲ. ಪ್ರತಿ ಪುಟದ ತಲೆಯಲ್ಲಿ 'ಈ ಹಾಳೆಯನ್ನು ಎಷ್ಟು ಬೇಕಾದರೂ ಮುದ್ರಿಸಿಕೊಳ್ಳಿ' ಅಂತ ಬರೆದೆವು. ಅಡಿಯಲ್ಲಿ ಅಜ್ಜಿಯ ಹೆಸರು. ಮೊಮ್ಮಗಳು ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದಳು. ನಾನು ಎರಡು ಪಾಯಿಂಟ್ ದೊಡ್ಡದು ಮಾಡಿದೆ. ಓದುವ ಪುಸ್ತಿಕೆಯಲ್ಲಿ ಅಭ್ಯಾಸದ ಮಾತು ಬರುವ ಕಡೆಯೆಲ್ಲ ಆ ಫೈಲ್‌ನ ಕೊಂಡಿ ಕೊಟ್ಟೆವು. ಮೊದಲ ವಾರವೇ ಒಂದು ಶಾಲೆಯ ಮೇಷ್ಟ್ರು ಬಂದು 40 ಮಕ್ಕಳಿಗೆ ಆರಾರು ಹಾಳೆಯಂತೆ 240 ಪ್ರಿಂಟ್ ತೆಗೆಸಿಕೊಂಡು ಹೋದರು.

ಇದಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ಅರ್ಜಿಯಂಥ ಸಾದಾ ವಿಷಯಕ್ಕೆ ಐದು ನಿಮಿಷವೂ ಬೇಡ. ಪುಕ್ಕಟೆ ಸಿಗುವ ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್ ಮಾಡುವಾಗ ಯಾವ ಪುಟದಿಂದ ಯಾವ ಪುಟ ಅಂತ ಕೇಳುವ ಜಾಗ ಇದೆ. ವರ್ಡ್‌ನಲ್ಲೂ ಇದೆ. 58-59 ಅಂತ ಬರೆದರೆ ಅರ್ಜಿ ಬೇರೆ ಫೈಲ್ ಆಗಿ ನಿಲ್ಲುತ್ತದೆ. ಉಳಿದದ್ದಕ್ಕೆ ನಿಮಗೆ ಬೀಗ ಬೇಕೇಬೇಕು ಅನ್ನಿಸಿದರೆ ಹಾಕಿಕೊಳ್ಳಿ. ಎಕ್ಸೆಲ್‌ನಲ್ಲಿ ಲೆಕ್ಕದ ಹಾಳೆ ಹಂಚುವವರು ಪ್ರಿಂಟ್ ಏರಿಯಾ ಗುರುತು ಮಾಡಿಟ್ಟರೆ ಬೇಕಾದ ಕೋಷ್ಟಕ ಮಾತ್ರ ಹಾಳೆಗೆ ಬರುತ್ತದೆ, ಪಕ್ಕದ ಕಚ್ಚಾ ಲೆಕ್ಕ ಬರುವುದಿಲ್ಲ. ವೆಬ್ ಪುಟ ಮಾಡುವವರಿಗಂತೂ ಇದು ಇನ್ನೂ ಸುಲಭ. ಪರದೆಗೆ ಒಂದು ವಿನ್ಯಾಸ, ಪ್ರಿಂಟ್‌ಗೆ ಒಂದು ವಿನ್ಯಾಸ ಅಂತ ಸಿಎಸ್ಎಸ್‌ನಲ್ಲಿ, ಅಂದರೆ ವೆಬ್ ಪುಟದ ವಿನ್ಯಾಸ ಬರೆಯುವ ಭಾಷೆಯಲ್ಲಿ, ಬೇರೆ ಬೇರೆ ಬರೆಯಬಹುದು. ಜಾಹೀರಾತು, ಮೆನು, ಕೆಳಗಿನ ಕೊಂಡಿಗಳು ಪ್ರಿಂಟ್‌ನಲ್ಲಿ ಬಾರದ ಹಾಗೆ ಮಾಡಬಹುದು. ಪರೀಕ್ಷೆಯ ವೇಳಾಪಟ್ಟಿ ಬೇಕು ಅಂತ ಬಂದ ಹುಡುಗನಿಗೆ ಏಳು ಹಾಳೆ ಹೊರಬಂದು, ಅದರಲ್ಲಿ ಒಂದರಲ್ಲಿ ಮಾತ್ರ ವೇಳಾಪಟ್ಟಿ ಇದ್ದರೆ ಉಳಿದ ಆರು ಹಾಳೆಯ ದುಡ್ಡು ಯಾರು ಕೊಡಬೇಕು? ನಾನು ಹಾಳೆಗೆ ಮೂರು ರೂಪಾಯಿ ತೆಗೆದುಕೊಳ್ಳುತ್ತೇನೆ. ಅಂಥವರ ಹತ್ತಿರ ಒಂದು ಹಾಳೆಯದು ಮಾತ್ರ ತೆಗೆದುಕೊಳ್ಳುವುದು. ಇಷ್ಟು ವರ್ಷದಲ್ಲಿ ಹಾಗೆ ಹೋದ ಕಾಗದ ಎಷ್ಟು ರಿಮ್ ಆಗುತ್ತದೋ.

ಪುಟ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಪುಟದ ಅಡಿಯಲ್ಲಿ 41 ಅಂತ ಇರುತ್ತದೆ. ಆದರೆ ಮುಖಪುಟ, ಮುನ್ನುಡಿ, ಪರಿವಿಡಿ ಎಲ್ಲ ಸೇರಿ ಫೈಲ್‌ನ ಲೆಕ್ಕದಲ್ಲಿ ಅದು 53ನೇ ಪುಟ. ಅಂಗಡಿಗೆ ಬಂದವರು '41ರಿಂದ 44 ಕೊಡಿ' ಅನ್ನುತ್ತಾರೆ. ನಾನು ನೋಡದೆ ಕೊಟ್ಟರೆ ಬೇರೆ ಯಾವುದೋ ಪುಟ ಬರುತ್ತದೆ. ಪಿಡಿಎಫ್‌ನಲ್ಲಿ ಪುಟಗಳಿಗೆ ಸರಿಯಾದ ಹೆಸರು ಕೊಡಬಹುದು. ಅದು ಬರದಿದ್ದರೆ ಪರಿವಿಡಿಯಲ್ಲಿ 'ಅರ್ಜಿ ಬೇಕಾದವರು ಪ್ರಿಂಟ್‌ನಲ್ಲಿ 53-56 ಅಂತ ಕೊಡಿ' ಅಂತ ಒಂದು ಸಾಲು ಬರೆದರೂ ಸಾಕು. ಇಷ್ಟು ಕಾಳಜಿ ತೋರಿದ ಫೈಲ್ ಬಂದಾಗ ಅದನ್ನು ಮಾಡಿದವರು ಯಾರೋ ಪುಣ್ಯಾತ್ಮರು ಅಂದುಕೊಳ್ಳುತ್ತೇನೆ.

'ಈಗ ಎಲ್ಲ ಫೋನ್‌ನಲ್ಲೇ ಓದುತ್ತಾರಲ್ಲ, ಪ್ರಿಂಟ್ ಯಾಕೆ' ಅಂತ ಕೆಲವರು ಕೇಳಬಹುದು. ನನ್ನ ಅಂಗಡಿಗೆ ಬನ್ನಿ. ಕಣ್ಣು ಮಂದವಾದ ಅಜ್ಜ ಒಬ್ಬರು ತಿಂಗಳಿಗೊಮ್ಮೆ ಬಂದು ಪಿಂಚಣಿಯ ಸುತ್ತೋಲೆಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತಾರೆ. ಫೋನ್‌ನಲ್ಲಿ ಎಳೆದು ಎಳೆದು ಓದಿದರೆ ಸಾಲು ತಪ್ಪುತ್ತದಂತೆ. ಆಶಾ ಕಾರ್ಯಕರ್ತೆಯರು ಲಸಿಕೆಯ ಪಟ್ಟಿಯನ್ನು ಗೋಡೆಗೆ ಅಂಟಿಸಲು ಒಯ್ಯುತ್ತಾರೆ. ಒಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ಅಲ್ಲಿ ಕೈಯಲ್ಲಿರುವ ಹಾಳೆಯೇ ಆಧಾರ. ಇನ್ನು ಕಣ್ಣು ಕಾಣದವರು ಫೋನ್‌ನಿಂದ ಓದಿಸಿ ಕೇಳುತ್ತಾರೆ. ಬೀಗ ಹಾಕುವವರು ಅಲ್ಲೇ ಇರುವ, ಓದಿ ಹೇಳುವ ಸಾಫ್ಟ್‌ವೇರ್‌ಗೆ ಅನುಮತಿ ಕೊಡುವ ಟಿಕ್ ಗುರುತನ್ನು ದಯವಿಟ್ಟು ತೆಗೆಯಬೇಡಿ. ಅವರ ಪಾಲಿನ ಓದು ನಿಂತೇ ಹೋಗಬಹುದು.

ಕೊನೆಗೆ ನಿಮ್ಮಲ್ಲೇ ಒಂದು ಬೇಡಿಕೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿ, ನೇಮಕಾತಿ ಪ್ರಕಟಣೆ ಬಂದ ದಿನ ಬೆಳಿಗ್ಗೆ ಎಂಟಕ್ಕೇ ಮಕ್ಕಳು ನನ್ನ ಬಾಗಿಲಲ್ಲಿ ನಿಂತಿರುತ್ತಾರೆ. ಪತ್ರಿಕೆಯಲ್ಲಿ ಬಂದ ಆ ಒಂದು ಚೌಕ ಬೇಕು ಅನ್ನುತ್ತಾರೆ. ಇ-ಪೇಪರ್‌ನ ಇಡೀ ಪುಟವನ್ನು ಎ4ಗೆ ಇಳಿಸಿದರೆ ಅಕ್ಷರ ಸಾಸಿವೆ ಕಾಳಿನಷ್ಟಾಗುತ್ತದೆ, ಓದಲು ಆಗುವುದಿಲ್ಲ. ನಿಮ್ಮ ಸುದ್ದಿ, ಲೇಖನ, ಫೋಟೋಗಳನ್ನು ನೀವು ಕಾಪಾಡಿಕೊಳ್ಳಿ, ಅದು ನಿಮ್ಮ ದುಡಿಮೆ. ಅಂಥ ದಿನ ವೇಳಾಪಟ್ಟಿಯನ್ನು ಮಾತ್ರ ಒಂದು ಪುಟದ ಬೇರೆ ಪಿಡಿಎಫ್ ಆಗಿ, ಕಪ್ಪು ಬಿಳುಪಿನಲ್ಲಿ, ಎ4 ಅಳತೆಗೆ ಸರಿಯಾಗಿ ಹಾಕಿ. ಮೇಲೆ ನಿಮ್ಮ ಪತ್ರಿಕೆಯ ಹೆಸರು ದೊಡ್ಡದಾಗಿ ಇರಲಿ. ಮಕ್ಕಳು ಅದನ್ನು ಓದುವ ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಳ್ಳುತ್ತಾರೆ, ಪರೀಕ್ಷೆ ಮುಗಿಯುವವರೆಗೂ ತೆಗೆಯುವುದಿಲ್ಲ.

ಇಂತಿ,
ಜೆರಾಕ್ಸ್ ಅಂಗಡಿಯ ಒಬ್ಬ ಓದುಗಳು
ಸಾಗರ, ಶಿವಮೊಗ್ಗ ಜಿಲ್ಲೆ